ಹೊಲದ ಪುಸ್ತಕ

(ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತು)



ಸರ್ಕಾರಿ ಗೊಬ್ಬರ, ಔಷಧಿ ಹಾಕದೆ ರಾಗಿ ಬೆಳೆದು ಮಾರೋ ವಿಚಾರ ಹೇಳು ಅಂದ್ರಿ. ಬೆಳೆಯೋದು ನಿಮಗೂ ಗೊತ್ತು. ಮಾರೋದೇ ಕಷ್ಟ.

2004ರಲ್ಲೇ ಕರ್ನಾಟಕ ಸರ್ಕಾರ ಸಾವಯವ ಕೃಷಿ ನೀತಿ ತಂತು. ಆದರೆ ನಮ್ಮ ಮಂಡಿಯಲ್ಲಿ ನಮ್ಮ ರಾಗಿಗೂ ಯೂರಿಯಾ ಹಾಕಿದ ರಾಗಿಗೂ ಒಂದೇ ರೇಟು. ಕಾಳು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತಾ? ಇಲ್ಲ. ಪಟ್ಟಣದವರು ಹೆಚ್ಚು ದುಡ್ಡು ಕೊಡಬೇಕಾದರೆ ಸರ್ಟಿಫಿಕೇಟು ಕೇಳುತ್ತಾರೆ.

ಸಣ್ಣ ರೈತರಿಗೆ ಪಿಜಿಎಸ್ ಅಂತ ಒಂದು ದಾರಿ ಇದೆ. ಕಡೇಪಕ್ಷ ಐದು ಜನ ರೈತರು ಗುಂಪು ಕಟ್ಟಬೇಕು. ಒಬ್ಬರ ಹೊಲವನ್ನು ಇನ್ನೊಬ್ಬರು ಹೋಗಿ ನೋಡಬೇಕು. ಹೊಲಕ್ಕೆ ಏನು ಹಾಕಿದೆವು, ಯಾವತ್ತು ಹಾಕಿದೆವು, ಪುಸ್ತಕದಲ್ಲಿ ಬರೆಯಬೇಕು. ಸರ್ಕಾರಿ ಗೊಬ್ಬರ ಕೊನೆಗೆ ಹಾಕಿದ ದಿನದಿಂದ ಸಾಮಾನ್ಯವಾಗಿ ಎರಡು ವರ್ಷ ಕಳೆಯಬೇಕು.

ಆ ಎರಡು ವರ್ಷ ಇದೆಯಲ್ಲ, ಅದೇ ಕಷ್ಟ. ಇಳುವರಿ ಇಳಿಯುತ್ತೆ, ರೇಟು ಏರಲ್ಲ. ಸಾಲ ಕೊಟ್ಟವರು ಕಾಯಲ್ಲ. ಕೆಲಸವೂ ಜಾಸ್ತಿ. ಒಂದು ಎಕರೆಗೆ ಜೀವಾಮೃತ ಮಾಡೋಕೆ 200 ಲೀಟರ್ ನೀರು ಬೇಕು. ಸಗಣಿ, ಗಂಜಲ, ಬೆಲ್ಲ, ಬೇಳೆಹಿಟ್ಟು ಹಾಕಿ ದಿನಾ ಕಲಕಬೇಕು. ನೀರು ಹೊರೋರು ಯಾರು? ನಾವೇ.

ನನ್ನ ತಪ್ಪು ಹೇಳ್ತೀನಿ. ಎರಡನೇ ವರ್ಷ ಮಳೆ ತಡವಾಯ್ತು. ಪೈರು ಹಳದಿಗೆ ತಿರುಗಿತು. ಮಗಳ ಫೀಸು ಬಾಕಿ. ಒಂದು ಸಂಜೆ ಯಾರಿಗೂ ಕಾಣದ ಹಾಗೆ ನಾಲ್ಕು ಬೊಗಸೆ ಯೂರಿಯಾ ಎರಚಿದೆ. ರಾತ್ರಿ ಪುಸ್ತಕ ತೆಗೆದೆ. ಮೂರು ದಿನ ಆ ಸಾಲು ಖಾಲಿ ಬಿಟ್ಟೆ. ನಾಲ್ಕನೇ ದಿನ ತಾರೀಖು ಹಾಕಿ, "ಯೂರಿಯಾ" ಅಂತ ಬರೆದೆ. ಗುಂಪಿನವರು ಹೊಲ ನೋಡಲು ಬಂದಾಗ ಆ ಪುಟ ತೋರಿಸಿದೆ.

ಬೈದರು. ನನ್ನ ಹೊಲದ ಲೆಕ್ಕ ಆವತ್ತಿನಿಂದ ಮತ್ತೆ ಶುರು. ನನ್ನ ರಾಗಿ ಬೇರೆ ಚೀಲ. ಅವರ ರಾಗಿಗೆ ಒಳ್ಳೆ ರೇಟು ಬಂತು, ನಂದು ಮಂಡಿಗೆ ಹೋಯ್ತು. ಹೊಟ್ಟೆ ಉರೀಲಿಲ್ಲ ಅಂದರೆ ಸುಳ್ಳು.

ಹೋದ ಸುಗ್ಗಿಗೆ ನನ್ನ ಹೊಲಕ್ಕೂ ಎರಡು ವರ್ಷ ತುಂಬಿತು. ಆಗ ಇನ್ನೊಂದು ಕಷ್ಟ ಬಂತು. ಕೊಳ್ಳೋರು 50 ಕ್ವಿಂಟಾಲ್ ಕೇಳಿದರು. ಏಳು ಜನರದೂ ಸೇರಿ ಇದ್ದದ್ದು 30. ಮಂಡಿ ರಾಗಿ ಬೆರೆಸಿಬಿಡೋಣ ಅಂದಳು ಒಬ್ಬಳು. ಬೇಡ ಅಂತ ಮೊದಲು ಕೂಗಿದವಳು ನಾನೇ. 30 ಮಾತ್ರ ಕಳಿಸಿದೆವು.

ಇನ್ನೂ ಜನ ಬೇಕು. ಭಾನುವಾರ ನಮ್ಮ ಹೊಲಕ್ಕೆ ಬನ್ನಿ. ಆ ಪುಟ ಹರಿದಿಲ್ಲ, ನೀವೇ ಓದಿ ನೋಡಿ.