ಖೋಲಿಯ ವೈಫೈ ಮತ್ತು ಊರಿನ ಕರೆ

(ಸಂಘದ ಆದಿತ್ಯವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಓದಿದ್ದು ಏಳನೆಯ ಇಯತ್ತೆಯವರೆಗೆ. ಯಂತ್ರಗಳ ಮೇಲೆ ಭಾಷಣ ಮಾಡುವ ಯೋಗ್ಯತೆ ನಮಗಿಲ್ಲ. ಸಂಬಳ, ರಜೆ, ಪ್ರಾವಿಡೆಂಟ್ ಫಂಡು ಬಿಟ್ಟು ಈ ಹೊತ್ತು ವೈಫೈ ಪೆಟ್ಟಿಗೆಯ ಮಾತೇಕೆ ಎಂದು ಕೆಲವರು ಬಾಗಿಲಲ್ಲೇ ಕೇಳಿದರು. ಹೇಳುತ್ತೇವೆ.

ನಮ್ಮ ಖೋಲಿಯಲ್ಲಿ ಹನ್ನೊಂದು ಮಂದಿ. ಹೋಟೆಲಿನ ಹಿಂಬದಿಯ ತಳ ಅಂತಸ್ತು. ಮೊಬೈಲಿಗೆ ಒಳಗೆ ಟವರು ಸಿಗದು. ಆದ್ದರಿಂದ ವಂತಿಗೆ ಹಾಕಿ ವೈಫೈ ಇಟ್ಟುಕೊಂಡಿದ್ದೇವೆ. ಊರಿನ ಮಾತೆಲ್ಲ ವಾಟ್ಸಾಪಿನಲ್ಲೇ. ಹಿಂದಿನ ಮಳೆಗಾಲದ ಒಂದು ರಾತ್ರಿ ನಮ್ಮ ಸಪ್ಲಾಯರ್ ಹುಡುಗನಿಗೆ ಕುಂದಾಪುರದ ಕಡೆಯಿಂದ ಅಕ್ಕನ ಕರೆ ಬಂತು. ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. “ಆಪರೇಶನ್ ಬೇ...” ಎನ್ನುವಲ್ಲಿಗೆ ದನಿ ತುಂಡಾಯಿತು. ಬೇಕೋ, ಬೇಡವೋ? ನಾಲ್ಕು ಸಲ ಕೇಳಿದ, ನಾಲ್ಕು ಸಲವೂ “ಬೇ” ಮಾತ್ರ ಬಂತು. ಹುಡುಗ ಬನಿಯನ್ನಿನಲ್ಲೇ ಮಳೆಗೆ ಇಳಿದು ರಸ್ತೆಯವರೆಗೆ ಓಡಿ, ಅಲ್ಲಿ ನಿಂತು ಮಾತಾಡಿದ. ಬೇಕು ಎಂದೇ ಇತ್ತು. ಆಪರೇಶನ್ ಆಯಿತು, ತಾಯಿ ಈಗ ನಡೆದಾಡುತ್ತಾರೆ.

ಮರುದಿನ ಖೋಲಿಯಲ್ಲಿ ದೊಡ್ಡ ಜಗಳ. ರಾತ್ರಿ ಸಿನಿಮಾ ನೋಡುತ್ತಿದ್ದವನನ್ನು ಎಲ್ಲರೂ ಸೇರಿ ಬೈದೆವು. ನಾವೂ ಬೈದೆವು. ಕೇಬಲಿನವರನ್ನು ಕೇಳಿದರೆ ದೊಡ್ಡ ಪ್ಲಾನು ತೆಗೆದುಕೊಳ್ಳಿ ಎಂದರು. ವಂತಿಗೆ ಹೆಚ್ಚಿಸಿ ತೆಗೆದುಕೊಂಡೆವು. ಕರೆ ಮೊದಲಿನಂತೆಯೇ ತುಂಡಾಯಿತು! ಕೊನೆಗೆ ಐ.ಟಿ.ಐ. ಕಲಿತ ನಮ್ಮ ಸಂಘದ ತಮ್ಮನೊಬ್ಬ ಒಂದು ರಾತ್ರಿ ಕೂತು ನೋಡಿದ. ಸಿನಿಮಾದವನ ತಪ್ಪೇ ಇರಲಿಲ್ಲ. ತಪ್ಪು ಗೊರಕೆ ಹೊಡೆಯುತ್ತಿದ್ದ ಕ್ಲೀನರ್ ಹುಡುಗನ ಫೋನಿನದು. ಊರಿಗೆ ಹೋದಾಗ ಅವನು ರಾತ್ರಿಯಿಡೀ ಯಕ್ಷಗಾನದ ವಿಡಿಯೋ ತೆಗೆದಿದ್ದ. ಚಾರ್ಜಿಗೆ ಹಾಕಿ ಮಲಗಿದಾಗ ಫೋನು ಅದನ್ನೆಲ್ಲ ತಾನಾಗಿ ಮೇಲಕ್ಕೆ ಕಳಿಸುತ್ತಿತ್ತು. ಸಿನಿಮಾದವನಿಗೆ ಒಂದು ಚಾ ಕುಡಿಸಿ ಕ್ಷಮೆ ಕೇಳಿದೆವು.

ಇಲ್ಲಿ ತಿಳಿಯಬೇಕಾದ ಸಂಗತಿ ಏನೆಂದರೆ, ತಂತಿಗೆ ಎರಡು ವೇಗ: ಇಳಿಯುವುದು ಒಂದು, ಏರುವುದು ಒಂದು. ಫೈಬರಿನಲ್ಲಿ ಎರಡೂ ಸಮನಾಗಿರುವ ಪ್ಲಾನುಗಳಿವೆ. ನಮ್ಮದರಲ್ಲಿ ಇಳಿಯುವುದು 20 ಮೆಗಾಬಿಟ್ಟಿನಿಂದ 40ಕ್ಕೆ ಹೋಯಿತು, ಏರುವುದು 2ರಲ್ಲೇ ಉಳಿಯಿತು. ನಮ್ಮ ದನಿ ಹೋಗುವುದು ಆ ಏರುವ ದಾರಿಯಲ್ಲಿ. ಅಷ್ಟೇ ಅಲ್ಲ, ಅಕ್ಕನ ಫೋನಿಗೆ ಇಲ್ಲಿಂದ ಹೋಗುವ ಉತ್ತರ ತಡವಾದರೆ, ದಾರಿ ಕೆಟ್ಟಿದೆಯೆಂದು ಆ್ಯಪು ಬಗೆದು ಎರಡು ಕಡೆಯ ದನಿಯೂ ಕೆಡಬಹುದು.

ಕರೆ ಬೇಡುವುದು ತೀರ ಸ್ವಲ್ಪ. ದನಿಯನ್ನು ಸಾಮಾನ್ಯವಾಗಿ ಸೆಕೆಂಡಿನ ಐವತ್ತನೆಯ ಒಂದು ಪಾಲಿನ ಚೂರುಗಳಾಗಿ ಕತ್ತರಿಸಿ ಕಳಿಸುತ್ತಾರೆ. ಹಳೆಯ ಟೆಲಿಫೋನಿನ ಲೆಕ್ಕದಲ್ಲಿ ದನಿಗೆ ಸೆಕೆಂಡಿಗೆ 64 ಕಿಲೋಬಿಟ್. ಪ್ರತಿ ಚೂರಿನ ಮೇಲೆ ವಿಳಾಸ ಬರೆದರೆ 80-90. ಈಗಿನ ಆ್ಯಪುಗಳು ಅದಕ್ಕಿಂತ ಕಡಿಮೆಯಲ್ಲೇ ಮುಗಿಸುತ್ತವೆ. ಆದರೆ ಚೂರು ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಬಾಯಿಂದ ಕಿವಿಗೆ 150 ಮಿಲಿಸೆಕೆಂಡು ದಾಟದಿದ್ದರೆ ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ತಡವಾಗಿ ಬಂದ ಚೂರನ್ನು ಫೋನು ಎಸೆದುಬಿಡುತ್ತದೆ. ಆ ರಾತ್ರಿ ಎಸೆದುಹೋದದ್ದು “ಕು” ಎಂಬ ಅಕ್ಷರ.

ನಮ್ಮ ಗಲ್ಲೆಯ ಮುಂದಿನ ಮಾತಿನಲ್ಲಿ ಹೇಳುವುದಾದರೆ, ನಲವತ್ತು ಮಸಾಲೆದೋಸೆಯ ಪಾರ್ಸೆಲು ಬರೆಸಿದವನ ಹಿಂದೆ ಒಂದು ಕಟಿಂಗ್ ಚಾದವನು ನಿಂತಿದ್ದಾನೆ. ಬುದ್ಧಿವಂತ ಸಪ್ಲಾಯರ್ ಏನು ಮಾಡುತ್ತಾನೆ? ಚಾ ಮೊದಲು ಕೊಡುತ್ತಾನೆ. ಪಾರ್ಸೆಲಿನವನಿಗೆ ಅದರಿಂದ ಅರ್ಧ ನಿಮಿಷವೂ ನಷ್ಟವಿಲ್ಲ. ನಮ್ಮ ಪೆಟ್ಟಿಗೆಗೆ ಆ ಬುದ್ಧಿ ಇರಲಿಲ್ಲ. ಬಂದ ಸರತಿಯಲ್ಲೇ ಬಿಡುತ್ತಿತ್ತು. ಎರಡೂವರೆ ಲಕ್ಷ ಬೈಟು ಸಾಲಿನಲ್ಲಿ ನಿಂತರೆ 20 ಲಕ್ಷ ಬಿಟ್ಟು. 2 ಮೆಗಾಬಿಟ್ಟಿನ ದಾರಿಯಲ್ಲಿ ಅದು ಖಾಲಿಯಾಗಲು ಒಂದು ಸೆಕೆಂಡು. ಹಿಂದೆ ಬಂದ ದನಿಯ ಚೂರಿಗೆ ಅಷ್ಟು ತಡ.

ಇದಕ್ಕೆ ಪೆಟ್ಟಿಗೆಯಲ್ಲಿ ಕ್ಯೂ.ಓ.ಎಸ್. ಎಂಬ ಏರ್ಪಾಡು ಇರುತ್ತದೆ. ಎಲ್ಲದರಲ್ಲೂ ಇಲ್ಲ, ಹಲವದರಲ್ಲಿ ಇದೆ. ಫೋನಿನ ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಹಾಕಿದರೆ ಅದರ ಪುಟ ತೆರೆಯುವುದುಂಟು. ಸರಿಯಾದ ವಿಳಾಸವೂ ಗುಪ್ತಪದವೂ ಪೆಟ್ಟಿಗೆಯ ತಳದ ಚೀಟಿಯಲ್ಲಿ ಇರುತ್ತವೆ. ಎಲ್ಲರೂ ಫೋನು ಕೆಳಗಿಟ್ಟಾಗ ವೇಗವನ್ನು ಅಳೆದು, ಅದರ ಹತ್ತರಲ್ಲಿ ಒಂಬತ್ತು ಪಾಲನ್ನು ಅಲ್ಲಿ ಬರೆಯಿರಿ. ನಾವು 2 ಮೆಗಾಬಿಟ್ಟಿಗೆ 1.8 ಬರೆದೆವು. ಇರುವ ವೇಗವನ್ನೇ ಕಡಿಮೆ ಮಾಡುವುದು ಹುಚ್ಚುತನವೆಂದು ಕಾಣುತ್ತದೆ, ನಮಗೂ ಕಂಡಿತು. ಆದರೆ ಪೂರ್ತಿ ವೇಗದಲ್ಲಿ ಬಿಟ್ಟರೆ ಸಾಲು ಕಂಪನಿಯ ಮೋಡೆಮಿನಲ್ಲಿ ನಿಲ್ಲುತ್ತದೆ. ಅಲ್ಲಿ ನಮ್ಮ ಮಾತು ನಡೆಯದು. ಸ್ವಲ್ಪ ಕಡಿಮೆ ಇಟ್ಟರೆ ಸಾಲು ನಮ್ಮ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ, ಯಾರು ಮುಂದೆ ಎಂದು ನಾವು ಹೇಳಬಹುದು.

ಯಾರು ಮುಂದೆ? ನಿಜವಾದ ಜಗಳ ಇಲ್ಲಿ ಹತ್ತಿತು. ಮೊದಲು ಫೋನಿನ ಹೆಸರು ನೋಡಿ ಮುಂದೆ ಬಿಡುವ ಕ್ರಮ ಹಾಕಿದೆವು. ಹನ್ನೊಂದು ಮಂದಿಯೂ “ನಮ್ಮ ಫೋನು ಮೇಲೆ ಹಾಕಿ” ಎಂದರು. ಹನ್ನೊಂದೂ ಮೇಲೆ ಹೋದರೆ ಯಾವುದೂ ಮೇಲಿಲ್ಲ. ಮೇಲಿದ್ದವನು ಸಿನಿಮಾ ನೋಡಿದರೆ ಸಿನಿಮಾವೂ ಮೇಲೆ! ಆಮೇಲೆ ಆ ತಮ್ಮನೇ ಎಸ್.ಕ್ಯೂ.ಎಂ. ಎಂಬ ಇನ್ನೊಂದು ಬಗೆ ತೋರಿಸಿದ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿದ ಪೆಟ್ಟಿಗೆಗಳಲ್ಲಿ ಅದು ಸಿಗುತ್ತದೆ. ಅದರ ಒಂದು ವಿಧಾನ, ಎಫ್‌ಕ್ಯೂ-ಕೋಡೆಲ್, 2018ರಲ್ಲಿ ಆರ್‌ಎಫ್‌ಸಿ 8290 ಎಂದು ಪ್ರಕಟವಾಯಿತು. ಅದು ಹೆಸರು ಕೇಳುವುದಿಲ್ಲ. ಪ್ರತಿ ಮಾತಿಗೂ ಪ್ರತಿ ವಿಡಿಯೋಗೂ ಬೇರೆ ಬೇರೆ ಸಾಲು ಮಾಡಿ ಸರದಿ ಕೊಡುತ್ತದೆ. ಸ್ವಲ್ಪವೇ ಬೇಡುವವನು ಕಾಯದೆ ದಾಟುತ್ತಾನೆ. ನಮಗೆ ಇದೇ ನ್ಯಾಯವೆಂದು ತೋರಿತು. ಹಳೆಯ ಪೆಟ್ಟಿಗೆಗೆ ಅದು ಹಿಡಿಯದ ಕಾರಣ ಬೇರೆ ಕೊಂಡೆವು, ಸೆಕೆಂಡ್‌ಹ್ಯಾಂಡು.

ಒಬ್ಬ ಗೆಳೆಯರು ಕೇಳಿದರು: ಹೀಗೆ ಭೇದ ಮಾಡಬಾರದೆಂದಲ್ಲವೇ ದೇಶದಲ್ಲಿ ಗಲಾಟೆಯಾದದ್ದು? ಹೌದು. ನೋಡುವ ಸರಕಿನ ಮೇಲೆ ದರ ಬೇರೆ ಮಾಡಬಾರದೆಂದು 2016ರ ಫೆಬ್ರವರಿಯಲ್ಲಿ ಟ್ರಾಯ್ ಕಂಪನಿಗಳಿಗೆ ನಿಯಮ ಹಾಕಿತು. ಅದು ಮಾರುವವನಿಗೆ ಹಾಕಿದ ಕಟ್ಟು. ಹನ್ನೊಂದು ಮಂದಿ ಕೂತು ಒಪ್ಪಿಕೊಂಡದ್ದು ಬೇರೆ.

ಇನ್ನೆರಡು ಮಾತು. ವೈಫೈ ಸಿಗ್ನಲು ಸೋತ ಮೂಲೆಯಲ್ಲಿ ನಿಂತವನಿಗೆ ಈ ಏರ್ಪಾಡು ಏನೂ ಮಾಡದು. ಪೆಟ್ಟಿಗೆಯ ಹತ್ತಿರ ಬರಬೇಕು. ಬಾಗಿಲಾಚೆ ಕಂಪನಿಯ ದಾರಿಯೇ ಕಿಕ್ಕಿರಿದಿದ್ದರೆ ನಮ್ಮ ಸಾಲಿಗೆ ಬೆಲೆಯಿಲ್ಲ. ಕ್ಯೂ.ಓ.ಎಸ್. ಇಲ್ಲದ ಪೆಟ್ಟಿಗೆಯವರು, ವೈಫೈ ಇದ್ದಾಗ ಫೋಟೋ ವಿಡಿಯೋ ತಾನಾಗಿ ಮೇಲೆ ಹೋಗುವುದನ್ನು ಕರೆಯ ಹೊತ್ತಿನಲ್ಲಿ ನಿಲ್ಲಿಸಿಡಿ. ನಮ್ಮಲ್ಲಿ ಅದೊಂದರಿಂದಲೇ ಮುಕ್ಕಾಲು ಪಾಲು ಗುಣವಾಯಿತು.

ಮುಂದಿನ ಆದಿತ್ಯವಾರ ಆ ತಮ್ಮ ಇಲ್ಲೇ ಕೂತಿರುತ್ತಾನೆ. ಪೆಟ್ಟಿಗೆಯ ಮಾಡೆಲ್ ನಂಬರು ಬರೆದು ತನ್ನಿ. ಗುಪ್ತಪದ ಬರೆದು ತರಬೇಡಿ, ಅದು ನಿಮ್ಮಲ್ಲೇ ಇರಲಿ.