ಗರ್ವಿಷ್ಠ ರಾಜ್ಯಗಳೂ ಇಬ್ರಿಯ ಪ್ರವಾದಿಗಳೂ

(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ಹೋಟೆಲಿನ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಆಫೀಸಿನ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡೇ ಬಂದವರೂ ಇದ್ದೀರಿ. ಆದಕಾರಣ ಪೀಠಿಕೆಯನ್ನು ಬೆಳೆಸದೆ ವಿಷಯಕ್ಕೆ ಬರುತ್ತೇವೆ.

ಹಂಪೆಗೆ ಹೋಗಿ ಬಂದ ಕನ್ನಡಿಗನು ಒಂದು ನಿಟ್ಟುಸಿರನ್ನಾದರೂ ಬಿಡದೆ ಮಾತು ಮುಗಿಸುವುದಿಲ್ಲ. 1565ರ ಜನವರಿಯಲ್ಲಿ ಕೃಷ್ಣಾ ನದಿಯ ಬಳಿ ನಡೆದ ಯುದ್ಧದಲ್ಲಿ ಅಳಿಯ ರಾಮರಾಯನ ತಲೆ ಬಿತ್ತು. ಅವನ ತಮ್ಮ ತಿರುಮಲನು ಭಂಡಾರವನ್ನು ಆನೆಗಳ ಮೇಲೆ ಹೇರಿಸಿಕೊಂಡು ಪೆನುಕೊಂಡೆಯ ಕಡೆಗೆ ಸರಿದನು. ಕಾಯುವವರಿಲ್ಲದ ರಾಜಧಾನಿ ತಿಂಗಳುಗಟ್ಟಲೆ ಸುಲಿಗೆಗೂ ಬೆಂಕಿಗೂ ಗುರಿಯಾಯಿತು. ಮುಂದೆ ಆ ರಾಜ್ಯ ಕುಗ್ಗುತ್ತಾ ಚಂದ್ರಗಿರಿಯವರೆಗೆ ಬಂತು. ಅದರ ಅಧೀನದ ನಾಯಕನಾದ ದಾಮರ್ಲ ವೆಂಕಟಾದ್ರಿಯು 1639ರಲ್ಲಿ ಇಂಗ್ಲಿಷ್ ಕಂಪೆನಿಯವರಿಗೆ ಕಡಲ ದಂಡೆಯ ಒಂದು ತುಂಡು ಮರಳು ನೆಲವನ್ನು ಬಿಟ್ಟುಕೊಟ್ಟನು. ನಾವು ಅನ್ನ ಸಂಪಾದಿಸುತ್ತಿರುವ ಈ ಪಟ್ಟಣ ಬೆಳೆದದ್ದು ಅಲ್ಲಿಂದ. ಹಂಪೆಯ ಬೂದಿಗೂ ಸಂತ ಜಾರ್ಜ್ ಕೋಟೆಗೆ ದೊರೆತ ಆ ಮರಳಿಗೂ ನಡುವೆ ಇರುವುದು 74 ವರ್ಷ, ಒಬ್ಬ ಮನುಷ್ಯನ ಆಯುಷ್ಯ.

ಇಷ್ಟು ದೊಡ್ಡ ರಾಜ್ಯ ಏಕೆ ಬಿತ್ತು? ರಾಮರಾಯನು ದಖ್ಖಣದ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಾ ಬಂದನೆಂಬುದರಲ್ಲಿ ವಿವಾದವಿಲ್ಲ. ಅವನ ಅಹಂಕಾರವೇ ಅವರನ್ನು ಒಂದುಗೂಡಿಸಿತೆಂದು ಬಿಜಾಪುರದ ಆಶ್ರಯದಲ್ಲಿದ್ದ ಫೆರಿಸ್ತಾ ಬರೆದನು. ಗೆದ್ದವರ ಕಡೆಯ ಮಾತಾದ್ದರಿಂದ ಅದಕ್ಕೆ ಸ್ವಲ್ಪ ಕಡತ ಹಾಕಿಯೇ ಓದಬೇಕು. ನಮ್ಮ ಜನರಾದರೋ ಬೇರೊಂದು ಉತ್ತರವನ್ನು ಕಂಡುಕೊಂಡರು. ವಿದ್ಯಾರಣ್ಯರ ಹೆಸರಿನಲ್ಲಿ ಕಾಲಜ್ಞಾನಗಳು ಹುಟ್ಟಿದವು. ನಡೆದುಹೋದದ್ದನ್ನು ಮುಂದೆ ನಡೆಯುವುದೆಂಬಂತೆ ಹೇಳಿ, ಎಲ್ಲವೂ ಮೊದಲೇ ಬರೆದಿಟ್ಟದ್ದೆಂದು ಸಮಾಧಾನ ಕೊಡುವ ಬರಹಗಳು ಅವು.

ಇಬ್ರಿಯ ಪ್ರವಾದಿಗಳನ್ನು ಓದಿದಾಗ ನಮಗೆ ಮೊದಲು ಕಂಡ ವ್ಯತ್ಯಾಸ ಇದು. ಕಾಲಜ್ಞಾನವು ಯಾವಾಗ ಎಂಬುದನ್ನು ಹೇಳಲು ಆತುರಪಡುತ್ತದೆ. ಪ್ರವಾದಿಯು ಏಕೆ ಎಂಬುದನ್ನು ಬಿಡದೆ ಹೇಳುತ್ತಾನೆ.

ಅವರಲ್ಲಿ ಆಮೋಸನೆಂಬವನು ಕ್ರಿಸ್ತಪೂರ್ವ ಎಂಟನೆಯ ಶತಮಾನದವನು. ತೆಕೋವ ಎಂಬ ಊರಿನವನು. ಕುರಿ ಕಾಯುವುದು, ಅತ್ತಿಮರಗಳ ಆರೈಕೆ ಇವೇ ಅವನ ಕಸಬು. ಯೆಹೂದದ ಈ ಹಳ್ಳಿಯವನು ಗಡಿ ದಾಟಿ ಇಸ್ರಾಯೇಲಿನ ಬೇತೇಲಿಗೆ ಹೋಗಿ ನಿಂತು ಮಾತಾಡಿದನು. ಆಗ ಅಲ್ಲಿ ಎರಡನೆಯ ಯಾರೊಬ್ಬಾಮನ ಆಳ್ವಿಕೆ, ಸುಭಿಕ್ಷದ ಕಾಲ. ಆಮೋಸನ ಗ್ರಂಥ ತೊಡಗುವುದು ನೆರೆಯ ರಾಜ್ಯಗಳಿಂದ. ದಮಸ್ಕದವರು ಸೋತವರನ್ನು ಕಬ್ಬಿಣದ ಕೊರಡಿನಿಂದ ತುಳಿಸಿದರು. ಗಾಜಾದವರು ಊರಿಗೆ ಊರನ್ನೇ ಸೆರೆಹಿಡಿದು ಮಾರಿದರು. ಅಮ್ಮೋನಿನವರು ಗಡಿಯನ್ನು ಹಿಗ್ಗಿಸುವ ಆಸೆಯಿಂದ ಬಸುರಿಯರನ್ನು ಸೀಳಿದರು. ಇವರಿಗೆಲ್ಲ ದಂಡನೆ ತಪ್ಪದು ಎಂದನು. ಮೋವಾಬಿನವರ ಮೇಲೆ ಹೊರಿಸಿದ ತಪ್ಪನ್ನು ಗಮನಿಸಬೇಕು: ಅವರು ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದ್ದರು. ಎದೋಮ್ ಇಸ್ರಾಯೇಲಿಗೆ ಶತ್ರು ದೇಶವೇ. ಶತ್ರುವಿನ ಹೆಣಕ್ಕೆ ಮಾಡಿದ ಅವಮಾನವನ್ನೂ ಈ ದೇವರು ಲೆಕ್ಕಕ್ಕೆ ಹಿಡಿಯುತ್ತಾನೆ.

ಕೇಳುತ್ತಿದ್ದ ಜನರು ತಲೆದೂಗಿರಬೇಕು. ನೆರೆಯವನ ಪಾಪದ ಪಟ್ಟಿಯನ್ನು ಕೇಳುವುದು ಯಾರಿಗೆ ಬೇಸರ? ಆದರೆ ಆ ಪಟ್ಟಿ ಸುತ್ತಿ ಬಂದು, ತನ್ನ ಸ್ವಂತ ನಾಡಾದ ಯೆಹೂದವನ್ನೂ ಹಾಯ್ದು, ಕೇಳುವವರ ಹೊಸ್ತಿಲಿನಲ್ಲೇ ನಿಂತಿತು. ನೀವೋ, ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಮಾರಿದವರು. ಅಳತೆಯನ್ನು ಕಿರಿದುಮಾಡಿ ತೂಕವನ್ನು ಹಿರಿದುಮಾಡಿದವರು. ಹಬ್ಬ ಯಾವಾಗ ಮುಗಿದೀತು, ಅಂಗಡಿಯನ್ನು ಯಾವಾಗ ತೆರೆದೇವು ಎಂದು ಚಡಪಡಿಸಿದವರು ಎಂದನು. ಪರರಾಜ್ಯಗಳಿಗೆ ಯುದ್ಧದ ಕ್ರೌರ್ಯವೇ ಪಾಪವಾದರೆ, ಸ್ವಂತ ಜನರಿಗೆ ತಕ್ಕಡಿಯ ಮೋಸವೇ ಅದಕ್ಕೆ ಸಮನಾಯಿತು.

ಬೇತೇಲಿನ ಯಾಜಕ ಅಮಚ್ಯನಿಗೆ ತಾಳಲಾಗಲಿಲ್ಲ. ನಿನ್ನ ಊರಿಗೆ ಹೋಗು, ಪ್ರವಾದನೆ ಹೇಳಿ ಅಲ್ಲೇ ಹೊಟ್ಟೆ ಹೊರೆದುಕೋ, ಇದು ಅರಸನ ಕ್ಷೇತ್ರ ಎಂದು ಗದರಿಸಿದನು. ಪರ ಊರಿನಲ್ಲಿ ದುಡಿಯುವ ನಮಗೆ ಈ ಮಾತಿನ ಧಾಟಿ ಹೊಸದಲ್ಲ. ಆಮೋಸನು ಕೊಟ್ಟ ಉತ್ತರ ಸರಳ: ಪ್ರವಾದನೆ ತನ್ನ ಕಸಬಲ್ಲ, ಕುರಿಯ ಹಿಂದೆ ಹೋಗುತ್ತಿದ್ದವನನ್ನು ದೇವರು ಕರೆದು ಕಳುಹಿಸಿದನು. ಕ್ರಿಸ್ತಪೂರ್ವ 722ರ ಸುಮಾರಿಗೆ ಇಸ್ರಾಯೇಲಿನ ರಾಜಧಾನಿ ಸಮಾರ್ಯವು ಅಶ್ಶೂರರ ಕೈಗೆ ಬಿತ್ತು.

ಹಾಗಾದರೆ ಗೆದ್ದ ಅಶ್ಶೂರರು ದೇವರಿಗೆ ಬೇಕಾದವರೋ? ಯೆಶಾಯನು ಇದನ್ನು ನೇರವಾಗಿ ಎತ್ತಿಕೊಂಡನು. ಅಶ್ಶೂರವು ದೇವರ ಕೈಯ ಕೋಲು, ಅಷ್ಟೇ. ಕೊಡಲಿಯು ತನ್ನನ್ನು ಬೀಸುವವನ ಮುಂದೆ ಮೀಸೆ ತಿರುವಬಹುದೇ ಎಂಬುದು ಅವನ ವಾದದ ತಿರುಳು. ಕ್ರಿಸ್ತಪೂರ್ವ 612ರಲ್ಲಿ ಬಾಬೆಲಿನವರೂ ಮೇದ್ಯರೂ ಸೇರಿ ನಿನೆವೆಯನ್ನು ನೆಲಸಮ ಮಾಡಿದರು. ಸುಮಾರು 200 ವರ್ಷಗಳ ಮೇಲೆ ಗ್ರೀಕರ ದಂಡಿನೊಡನೆ ಆ ದಾರಿಯಲ್ಲಿ ಬಂದ ಜೆನೊಫೋನನಿಗೆ ಪಾಳುಗೋಡೆಗಳು ಕಂಡವು, ನಿನೆವೆ ಎಂಬ ಹೆಸರು ತಿಳಿಯಲಿಲ್ಲ. ಬಾಬೆಲೂ ಕ್ರಿಸ್ತಪೂರ್ವ 539ರಲ್ಲಿ ಪಾರಸಿಯ ಸೈರಸನ ವಶವಾಯಿತು.

ಯೆಶಾಯನ ಕೊಡಲಿಯನ್ನು ನಮ್ಮ ನಾಡಿಗೆ ತಂದು ನೋಡಿ. ಹಂಪೆಯನ್ನು ಕೆಡವಿದವರ ಪೈಕಿ ಅಹಮದ್‌ನಗರವು 1636ರಲ್ಲಿ ಅಳಿಯಿತು. ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಔರಂಗಜೇಬನ ಪಾಲಾದವು. 1707ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಸಾಮ್ರಾಜ್ಯವೂ ಸಡಿಲಿತು. ಆ ಮೇಲಿನ ಬಿಳಿಯರ ಕಥೆ ನಿಮಗೆ ಗೊತ್ತೇ ಇದೆ. 1857ರಲ್ಲಿ ಕ್ರೌರ್ಯಕ್ಕೆ ಹೆಸರಾದ ನೀಲ್ ಎಂಬ ಸೇನಾಧಿಕಾರಿಯ ವಿಗ್ರಹ ಇಲ್ಲಿನ ಮೌಂಟ್ ರೋಡಿನಲ್ಲಿ ಬಹುಕಾಲ ಕತ್ತಿ ಹಿಡಿದು ನಿಂತಿತ್ತು. 1937ರಲ್ಲಿ ಅದನ್ನು ಅಲ್ಲಿಂದ ಕಿತ್ತು ಎಗ್ಮೋರಿನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು.

ಇಂಥಾ ರಾಜ್ಯವನ್ನು ದೇವರೇ ಬೀಳಿಸಿದನೆಂದು ಸಾಕ್ಷಿ ಹೇಳುವ ಧೈರ್ಯ ನಮಗಿಲ್ಲ. ಯುದ್ಧದಲ್ಲಿ ಸತ್ತ ಆಳು, ಸುಲಿಗೆಯಲ್ಲಿ ಕೆಟ್ಟ ಹೆಂಗಸು, ಇವರು ಅರಸನ ಗರ್ವದಲ್ಲಿ ಪಾಲುಗಾರರಲ್ಲ. ಆದರೆ ಆಮೋಸನ ಪಟ್ಟಿ ಸುತ್ತಿ ಬರುವ ದಾರಿ ಮಾತ್ರ ನಮ್ಮನ್ನು ಬಿಡದು. ವಿಜಯನಗರದ ವೈಭವವನ್ನು ವೇದಿಕೆಯ ಮೇಲೆ ಕೊಂಡಾಡುವ ನಾವು, ನಮ್ಮವರೇ ನಡೆಸುವ ಹೋಟೆಲುಗಳಲ್ಲಿ ಊರಿನಿಂದ ಬಂದ ಹುಡುಗನ ಸಂಬಳ ಎಷ್ಟು ತಿಂಗಳು ನಿಂತಿದೆ ಎಂದು ಕೇಳಿದ್ದೇವೆಯೇ? ರಾಜ್ಯೋತ್ಸವದ ಚಂದಾ ಪಟ್ಟಿಯಲ್ಲಿ ದೊಡ್ಡ ಮೊತ್ತ ಬರೆದವರನ್ನು ಈ ಪ್ರಶ್ನೆ ಕೇಳಲು ನಮಗೂ ನಾಲಗೆ ಏಳಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ.

ಕೊನೆಗೆ ಯೋನನ ಕಥೆ. ನಿನೆವೆ ಕೆಡುವುದೆಂದು ಸಾರಿ ಬಂದವನು, ಊರಿನ ಹೊರಗೆ ಚಪ್ಪರ ಹಾಕಿಕೊಂಡು, ಅದು ಹಾಳಾಗುವುದನ್ನು ನೋಡಲು ಕುಳಿತನು. ಊರಿನವರು ಪಶ್ಚಾತ್ತಾಪಪಟ್ಟರು, ಊರು ಉಳಿಯಿತು. ಯೋನನಿಗೆ ಸಿಟ್ಟು ಬಂತು. ಎಡಬಲ ತಿಳಿಯದ 1,20,000ಕ್ಕೂ ಹೆಚ್ಚು ಜನ ಅಲ್ಲಿದ್ದಾರೆ, ದನಗಳೂ ಇವೆ, ನಾನು ಕನಿಕರಪಡಬಾರದೇ ಎಂದು ದೇವರು ಅವನನ್ನು ಕೇಳಿದನು. ಯೋನನು ಏನು ಉತ್ತರ ಕೊಟ್ಟನೆಂದು ಗ್ರಂಥದಲ್ಲಿಲ್ಲ.

ಕನ್ನಡ ಬೈಬಲಿನ ಒಂದು ಪ್ರತಿ ನಮ್ಮ ಕಪಾಟಿನಲ್ಲಿದೆ. ಆಮೋಸನ ಗ್ರಂಥಕ್ಕೆ 9 ಅಧ್ಯಾಯ, ಯೋನನದಕ್ಕೆ 4. ಎರಡನ್ನೂ ಒಂದೇ ಸಂಜೆ ಓದಬಹುದು.