ಹೋಗುವುದಕ್ಕಿಂತ ಇರುವುದು ಕಷ್ಟ

(ವಾರ್ಷಿಕೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸ)



ನನಗೆ ಕೊಟ್ಟಿರುವ ವಿಷಯ ‘ಮಾನವನ ಬಾಹ್ಯಾಕಾಶ ಯಾನ’. ವಿಷಯ ದೊಡ್ಡದು, ಸಮಯ ಚಿಕ್ಕದು, ಊಟದ ಹೊತ್ತೂ ಹತ್ತಿರ ಬಂದಿದೆ. ಆದ್ದರಿಂದ ರಾಕೆಟ್ಟಿನ ಕಥೆಯನ್ನು ನಾನು ಹೇಳುವುದಿಲ್ಲ. ಅದು ನಿಮ್ಮ ಪಠ್ಯಪುಸ್ತಕದಲ್ಲಿದೆ. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ 108 ನಿಮಿಷಗಳಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿ ಇಳಿದರು. ಮೇಲಕ್ಕೆ ಹೋಗಿಬರಲು ಸಾಧ್ಯ ಎಂಬುದು ಅಂದೇ ಗೊತ್ತಾಯಿತು. ಆದರೆ ಅಲ್ಲಿ ಇರುವುದು ಹೇಗೆ? ಒಂದು ತಿಂಗಳು, ಒಂದು ವರ್ಷ, ಮೂರು ವರ್ಷ ಬದುಕುವುದು ಹೇಗೆ? ಈ ಪ್ರಶ್ನೆಗೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ನಾನು ಮಾತನಾಡಲಿರುವುದು ಅದರ ಬಗ್ಗೆ.

ಎಲ್ಲರೂ ಒಮ್ಮೆ ದೀರ್ಘವಾಗಿ ಉಸಿರೆಳೆದು ಬಿಡಿ. ಈ ಉಸಿರಿಗೆ ನೀವು ಯಾವ ಬಿಲ್ಲೂ ಕಟ್ಟಲಿಲ್ಲ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು. ಅವನು ಹೊರಗೆ ಬಿಡುವ ಇಂಗಾಲದ ಡೈ ಆಕ್ಸೈಡ್ ಸುಮಾರು ಒಂದು ಕಿಲೋ. ಭೂಮಿಯ ಮೇಲೆ ಈ ಲೆಕ್ಕವನ್ನು ಯಾರೂ ಇಡುವುದಿಲ್ಲ. ಆದರೆ ನಮ್ಮ ತಲೆಯ ಮೇಲೆ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಇದನ್ನು ಗ್ರಾಂ ಗ್ರಾಂ ಲೆಕ್ಕ ಇಡಬೇಕು. 2000ದ ನವೆಂಬರ್ 2ರಿಂದ ಆ ನಿಲ್ದಾಣದಲ್ಲಿ ಒಂದು ದಿನವೂ ಮನುಷ್ಯರಿಲ್ಲದೆ ಇದ್ದದ್ದಿಲ್ಲ. ಅಲ್ಲಿ ನೀರನ್ನು ವಿದ್ಯುತ್ತಿನಿಂದ ಒಡೆದು ಆಮ್ಲಜನಕ ಪಡೆಯುತ್ತಾರೆ. ನೀವು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಮಾಡುವ ವಿದ್ಯುದ್ವಿಭಜನೆಯೇ ಅದು, ಬೇರೆ ಮಾಯೆ ಏನಿಲ್ಲ.

ಸರಿ, ನೀರು ಎಲ್ಲಿಂದ? ಮೇಲಕ್ಕೆ ಒಯ್ಯುವ ಪ್ರತಿ ಲೀಟರಿಗೂ ಭಾರೀ ಖರ್ಚು. ಆದ್ದರಿಂದ ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಶುದ್ಧೀಕರಿಸಿ ಮತ್ತೆ ಕುಡಿಯುತ್ತಾರೆ. 2023ರಲ್ಲಿ ಈ ಮರುಬಳಕೆ ಶೇಕಡಾ 98ಕ್ಕೆ ಮುಟ್ಟಿತು. ಮುಖ ಸಿಂಡರಿಸಬೇಡಿ. ಮೋಡವೂ ಮಣ್ಣೂ ಸೇರಿ ನಮಗಾಗಿ ಮಾಡುವುದು ಇದೇ ಕೆಲಸ. ನಾವು ನೋಡುವುದಿಲ್ಲ, ಅಷ್ಟೆ.

ಇನ್ನೊಂದು ಸಂಗತಿ ಹೇಳುತ್ತೇನೆ, ಕೇಳಿ. ನಾವು ಮಲಗಿದಾಗ ಬಿಟ್ಟ ಉಸಿರು ಬಿಸಿಯಾಗಿರುತ್ತದೆ, ಬಿಸಿಗಾಳಿ ಹಗುರ, ಮೇಲಕ್ಕೆ ಹೋಗುತ್ತದೆ. ಅಲ್ಲಿ ‘ಮೇಲೆ’ ಎಂಬುದೇ ಇಲ್ಲ. ಫ್ಯಾನು ತಿರುಗದೆ ಹೋದರೆ ಮಲಗಿದವನ ಮುಖದ ಸುತ್ತಲೇ ಅವನು ಬಿಟ್ಟ ಗಾಳಿ ನಿಂತುಬಿಡುತ್ತದೆ. ಬೆಳಿಗ್ಗೆ ಎದ್ದರೆ ತಲೆನೋವು, ಹೆಚ್ಚಾದರೆ ಪ್ರಾಣಕ್ಕೇ ಸಂಚಕಾರ. ಅದಕ್ಕೇ ನಿಲ್ದಾಣದಲ್ಲಿ ಹಗಲೂ ರಾತ್ರಿ ಫ್ಯಾನುಗಳ ಗದ್ದಲ. ಅಂದಹಾಗೆ, ಅಲ್ಲಿ ಗುರುತ್ವವೇ ಇಲ್ಲ ಎಂದು ಪರೀಕ್ಷೆಯಲ್ಲಿ ಬರೆಯಬೇಡಿ. 400 ಕಿಲೋಮೀಟರ್ ಎತ್ತರದಲ್ಲೂ ಭೂಮಿಯ ಸೆಳೆತ ಇಲ್ಲಿನ ಸುಮಾರು ಶೇಕಡಾ 90ರಷ್ಟು ಇದ್ದೇ ಇರುತ್ತದೆ. ನಿಲ್ದಾಣವೂ ಅದರೊಳಗಿನವರೂ ಒಟ್ಟಿಗೆ ಬೀಳುತ್ತಲೇ ಇರುವುದರಿಂದ ತೂಕ ಗೊತ್ತಾಗುವುದಿಲ್ಲ. ನಾನು ಪಾಠ ಮಾಡುತ್ತಿದ್ದಾಗ ಪ್ರತಿ ವರ್ಷವೂ ಅರ್ಧ ತರಗತಿ ಇದನ್ನು ತಪ್ಪು ಬರೆಯುತ್ತಿತ್ತು.

ಭೂಮಿ ಮಾಡುವ ಈ ಕೆಲಸವನ್ನೆಲ್ಲ ನಾವೇ ಒಂದು ಗಾಜಿನ ಮನೆಯೊಳಗೆ ಮಾಡಿ ನೋಡೋಣ ಎಂದು ಅಮೆರಿಕದ ಅರಿಝೋನಾದಲ್ಲಿ ಒಂದು ಪ್ರಯೋಗ ನಡೆಯಿತು. ಅದರ ಹೆಸರು ‘ಬಯೋಸ್ಫಿಯರ್ 2’. ಮೊದಲನೆಯ ಬಯೋಸ್ಫಿಯರ್ ಯಾವುದು ಎಂದು ಕೇಳುತ್ತೀರಾ? ನಮ್ಮ ಭೂಮಿ! ಮೂರು ಎಕರೆಗಿಂತ ಸ್ವಲ್ಪ ಹೆಚ್ಚು ಜಾಗದ ಗಾಜಿನ ಕಟ್ಟಡ. ಒಳಗೆ ಪುಟ್ಟ ಕಾಡು, ಪುಟ್ಟ ಕಡಲು, ಹೊಲ, ಆಡು, ಕೋಳಿ ಎಲ್ಲ ಇದ್ದವು. 1991ರ ಸೆಪ್ಟೆಂಬರ್ 26ರಂದು ನಾಲ್ವರು ಗಂಡಸರು, ನಾಲ್ವರು ಹೆಂಗಸರು ಒಳಗೆ ಹೋದರು, ಬಾಗಿಲು ಮುಚ್ಚಿತು. ಎರಡು ವರ್ಷ ಅವರೇ ಬೆಳೆದು ಅವರೇ ಉಣ್ಣಬೇಕು. ಮೊದಲ ವರ್ಷ ಬೆಳೆ ಸಾಲದೆ ಅರೆಹೊಟ್ಟೆ, ಎಲ್ಲರೂ ಸೊರಗಿದರು. ಹೂವಿಗೆ ಪರಾಗ ಮುಟ್ಟಿಸುವ ಕೀಟಗಳು ಸತ್ತವು. ಇರುವೆ, ಜಿರಲೆಗಳು ಮಾತ್ರ ಸುಖವಾಗಿ ಹೆಚ್ಚಿದವು.

ಅದಕ್ಕಿಂತ ದೊಡ್ಡ ಆಪತ್ತು ಕಣ್ಣಿಗೆ ಕಾಣದ್ದು. ಒಳಗಿನ ಆಮ್ಲಜನಕ ತಿಂಗಳಿಂದ ತಿಂಗಳಿಗೆ ಇಳಿಯತೊಡಗಿತು. ಶೇಕಡಾ 20.9 ಇದ್ದದ್ದು ಹದಿನಾರು ತಿಂಗಳಲ್ಲಿ ಶೇಕಡಾ 14ರ ಆಸುಪಾಸಿಗೆ ಬಂತು. ಎತ್ತರದ ಪರ್ವತ ಹತ್ತಿದವರಂತೆ ಏದುಸಿರು, ನಿದ್ರೆಯಿಲ್ಲ. ಕೊನೆಗೆ 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಕಳ್ಳ ಯಾರು? ಫಲವತ್ತಾಗಿರಲಿ ಎಂದು ಹೇರಳವಾಗಿ ಗೊಬ್ಬರ ಸೇರಿಸಿದ್ದ ಮಣ್ಣು. ಅದರ ಸೂಕ್ಷ್ಮಜೀವಿಗಳು ಆಮ್ಲಜನಕ ತಿಂದು ಇಂಗಾಲದ ಡೈ ಆಕ್ಸೈಡ್ ಬಿಡುತ್ತಿದ್ದವು. ಅದನ್ನು ಗಿಡಗಳು ಮತ್ತೆ ಆಮ್ಲಜನಕ ಮಾಡಬೇಕಿತ್ತಲ್ಲ? ಅಷ್ಟರಲ್ಲಿ ಕಟ್ಟಡದ ಹೊಸ ಕಾಂಕ್ರೀಟು ಅದನ್ನು ಹೀರಿಕೊಂಡು ಸುಣ್ಣದಕಲ್ಲಾಗಿ ಕೂತಿತ್ತು. ಅಷ್ಟು ಮಂದಿ ವಿಜ್ಞಾನಿಗಳಿಗೆ ಕಾಂಕ್ರೀಟಿನ ನೆನಪು ಮೊದಲೇ ಆಗಿರಲಿಲ್ಲ. ಈ ಪ್ರಯೋಗವನ್ನು ಸೋಲು ಎಂದು ಹಲವರು ಗೇಲಿ ಮಾಡಿದರು. ನನ್ನ ಮಟ್ಟಿಗೆ ಅದು ಬಹಳ ಒಳ್ಳೆಯ ಪ್ರಯೋಗ. ಭೂಮಿ ಕೆಟ್ಟರೇನು, ಮಂಗಳದಲ್ಲಿ ಮನೆ ಕಟ್ಟೋಣ ಎಂದು ಯಾರಾದರೂ ಹೇಳಿದರೆ ಅವರಿಗೆ ಈ ಕಾಂಕ್ರೀಟಿನ ಕಥೆ ಹೇಳಿ. ಅರಿಝೋನಾದಲ್ಲಿ ಬಾಗಿಲು ತೆರೆದರೆ ಹೊರಗೆ ಗಾಳಿಯಾದರೂ ಇತ್ತು.

ಈಗ ಶರೀರಕ್ಕೆ ಬರೋಣ. ನಮ್ಮ ಮೂಳೆಗಳು ಗಟ್ಟಿಯಾಗಿರುವುದು ಹಾಲು ಕುಡಿದದ್ದರಿಂದ ಮಾತ್ರವಲ್ಲ, ದಿನವೂ ನಮ್ಮ ಭಾರ ಹೊರುವುದರಿಂದ. ಭಾರ ಹೊರುವ ಕೆಲಸ ತಪ್ಪಿದರೆ ಮೂಳೆಯಿಂದ ಸುಣ್ಣ ಕರಗಿ ಹೊರಟುಹೋಗುತ್ತದೆ. ವ್ಯಾಯಾಮ ಮಾಡದೆ ಇದ್ದರೆ ಗಗನಯಾತ್ರಿಯ ಸೊಂಟದ ಮೂಳೆ ತಿಂಗಳಿಗೆ ಶೇಕಡಾ ಒಂದರಿಂದ ಒಂದೂವರೆಯಷ್ಟು ಸವೆಯುತ್ತದೆ. ನಿಮ್ಮ ಮನೆಯ ಅಜ್ಜಿಗೆ ಒಂದು ವರ್ಷದಲ್ಲಿ ಆಗುವ ಸವೆತ ಅದು. ಹೀಗೆ ಕರಗಿದ ಸುಣ್ಣ ಮೂತ್ರಪಿಂಡಕ್ಕೆ ಹೋಗಿ ಕಲ್ಲಾಗುವ ಭಯ ಬೇರೆ. ಆದ್ದರಿಂದ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಕಡ್ಡಾಯ. ಡಂಬೆಲ್ಲಿಗೆ ಅಲ್ಲಿ ತೂಕವಿಲ್ಲವಾದ್ದರಿಂದ ನಿರ್ವಾತ ಸಿಲಿಂಡರುಗಳನ್ನು ಎಳೆಯುವ ಯಂತ್ರ ಇಟ್ಟಿದ್ದಾರೆ. ಕಾಲಿನ ಕಡೆ ಇಳಿಯಬೇಕಾದ ರಕ್ತ, ನೀರು ತಲೆಯ ಕಡೆ ಸರಿದು ಮುಖ ಊದುತ್ತದೆ, ಕಾಲು ಕಡ್ಡಿಯಾಗುತ್ತದೆ, ಕೆಲವರ ದೃಷ್ಟಿಯೂ ಮಂಜಾಗುತ್ತದೆ.

ಇದರ ನಡುವೆ ರಷ್ಯಾದ ವೈದ್ಯ ವಲೇರಿ ಪೊಲ್ಯಾಕೊವ್ ಅವರನ್ನು ನೆನೆಯಲೇಬೇಕು. 1994ರ ಜನವರಿಯಿಂದ 1995ರ ಮಾರ್ಚ್‌ವರೆಗೆ ‘ಮಿರ್’ ನಿಲ್ದಾಣದಲ್ಲಿ ಒಂದೇ ಸಮನೆ 437 ದಿನ ಇದ್ದರು. ಇಳಿದ ಮೇಲೆ ಎಲ್ಲರನ್ನೂ ಎತ್ತಿಕೊಂಡೇ ಕುರ್ಚಿಗೆ ಒಯ್ಯುವುದು ರೂಢಿ. ಅವರು ಎದ್ದು ನಡೆದರು. ಇಷ್ಟು ದಿನ ಪ್ರಯಾಣ ಮಾಡಿ ಮಂಗಳ ಮುಟ್ಟಿದವನು ಅಲ್ಲಿ ಕೆಲಸ ಮಾಡಬಲ್ಲ ಎಂದು ತೋರಿಸುವ ಹಟ ಅವರದು.

ಇದೇ ಪೊಲ್ಯಾಕೊವ್ 1988ರಲ್ಲಿ ಮೊದಲ ಸಲ ಹೋದಾಗ ಜೊತೆಗಿದ್ದ ಇಬ್ಬರಲ್ಲಿ ಒಬ್ಬರು ಅಫಘಾನಿಸ್ತಾನದ ಅಬ್ದುಲ್ ಅಹದ್ ಮೊಹ್ಮಂದ್, ಮತ್ತೊಬ್ಬರು ನೌಕೆಯ ನಾಯಕ ಲ್ಯಾಖೊವ್. ವೈದ್ಯರು ಮೇಲೆಯೇ ಉಳಿದರು. ಇನ್ನಿಬ್ಬರು ಸೆಪ್ಟೆಂಬರ್ 6ರಂದು ವಾಪಸು ಹೊರಟರು. ಇಳಿಯುವ ಎಂಜಿನ್ ಸರಿಯಾಗಿ ಕೆಲಸ ಮಾಡಲಿಲ್ಲ. ಅಷ್ಟು ಹೊತ್ತಿಗೆ ಶೌಚಾಲಯವಿದ್ದ ಭಾಗವನ್ನು ಕಳಚಿ ಬಿಟ್ಟಾಗಿತ್ತು. ಕೈಕಾಲು ಚಾಚಲೂ ಆಗದ ಗೂಡಿನಲ್ಲಿ, ತಿನ್ನಲು ಕುಡಿಯಲು ಸರಿಯಾಗಿ ಇಲ್ಲದೆ, ಒಂದು ಇಡೀ ದಿನ ಇಬ್ಬರೂ ಭೂಮಿಯನ್ನು ಸುತ್ತಬೇಕಾಯಿತು. ಅಷ್ಟರಲ್ಲಿ ಕಂಪ್ಯೂಟರು, ಇರುವ ಒಂದೇ ಎಂಜಿನ್ನನ್ನೂ ಕಳಚಿಹಾಕಲು ಎಣಿಕೆ ಆರಂಭಿಸಿತ್ತು. ಕಳಚಿದ್ದರೆ ಇಬ್ಬರೂ ಮರಳುತ್ತಿರಲಿಲ್ಲ. ಅದನ್ನು ಗಮನಿಸಿ ಎಚ್ಚರಿಸಿದ್ದು ತಾವು ಎಂದು ಮೊಹ್ಮಂದ್ ಮುಂದೆ ಹೇಳಿಕೊಂಡಿದ್ದಾರೆ. ನಾಯಕ ಕೂಡಲೇ ಅದನ್ನು ನಿಲ್ಲಿಸಿದರು. ಮರುದಿನ ಕಝಕ್‌ಸ್ತಾನದ ಬಯಲಿನಲ್ಲಿ ಕ್ಷೇಮವಾಗಿ ಇಳಿದರು. ಎಲ್ಲರಿಗೂ ಇಂಥ ಅದೃಷ್ಟ ಇರಲಿಲ್ಲ. 2003ರ ಫೆಬ್ರವರಿ 1ರಂದು ನಮ್ಮ ಕರ್ನಾಲ್‌ನ ಮಗಳು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಕೊಲಂಬಿಯಾದಲ್ಲಿ ತೀರಿಕೊಂಡದ್ದು ಹಿರಿಯರಿಗೆಲ್ಲ ನೆನಪಿದೆ.

ಬೆಳಿಗ್ಗೆ ವಿದ್ಯಾರ್ಥಿನಿಯೊಬ್ಬಳು ಚೀಟಿಯಲ್ಲಿ ಬರೆದು ಕಳಿಸಿದ್ದಾಳೆ: “ಅಲ್ಲಿ ನಮಾಜಿನ ಸಮಯ ಹೇಗೆ ತಿಳಿಯುತ್ತದೆ ಸರ್?” ಒಳ್ಳೆಯ ಪ್ರಶ್ನೆ, ಏಕೆಂದರೆ ಇದು ನಿದ್ರೆಯ ಪ್ರಶ್ನೆಯೂ ಹೌದು. ನಿಲ್ದಾಣ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ನಮ್ಮ ಒಂದು ದಿನದಲ್ಲಿ ಅಲ್ಲಿ 16 ಸಲ ಸೂರ್ಯ ಹುಟ್ಟಿ ಮುಳುಗುತ್ತಾನೆ. 2007ರ ಅಕ್ಟೋಬರಿನಲ್ಲಿ, ರಮಝಾನ್ ತಿಂಗಳಲ್ಲೇ, ಮಲೇಶಿಯಾದ ಮೂಳೆತಜ್ಞ ಡಾ. ಶೇಖ್ ಮುಝಫರ್ ಶುಕೂರ್ ಅಲ್ಲಿಗೆ ಹೋದರು. ಅವರಿಗಾಗಿ ಆ ದೇಶದ ವಿದ್ವಾಂಸರು ಮೊದಲೇ ಕುಳಿತು ಚರ್ಚಿಸಿ ಮಾರ್ಗಸೂಚಿ ಮಾಡಿಕೊಟ್ಟಿದ್ದರು. ನೌಕೆ ಹೊರಟ ಊರಿನ ಗಡಿಯಾರದಂತೆ 24 ಗಂಟೆಗೆ ಐದು ಹೊತ್ತು, ಕಿಬ್ಲಾದ ಕಡೆ ಸಾಧ್ಯವಾದಷ್ಟು ಮುಖ, ಉಪವಾಸವನ್ನು ಬೇಕಾದರೆ ಮರಳಿದ ಮೇಲೆ ಹಿಡಿಯಬಹುದು ಎಂದು. ವೈದ್ಯರು ಹೇಳುವುದೂ ಹೆಚ್ಚು ಕಡಿಮೆ ಇದನ್ನೇ: ಕಿಟಕಿಯ ಸೂರ್ಯನನ್ನು ನಂಬಬೇಡಿ, ಒಂದು ಗಡಿಯಾರ ಹಿಡಿದು ಮಲಗಿ ಏಳಿ.

ಕಾಯಿಲೆ ಬಂದರೆ? 2020ರಲ್ಲಿ ಪ್ರಕಟವಾದ ಒಂದು ವರದಿಯನ್ನು ಓದಿ ನಾನು ಬೆರಗಾದೆ. ನಿಲ್ದಾಣಕ್ಕೆ ಹೋಗಿ ಎರಡು ತಿಂಗಳಾಗಿದ್ದ ಒಬ್ಬರಿಗೆ ಬೇರೆ ಯಾವುದೋ ಅಧ್ಯಯನಕ್ಕೆಂದು ಸ್ಕ್ಯಾನ್ ಮಾಡಿದಾಗ ಕತ್ತಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ನೋವಿಲ್ಲ, ಲಕ್ಷಣವಿಲ್ಲ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಸಾವು. ಅಲ್ಲಿದ್ದ ಇಂಜೆಕ್ಷನ್ ಔಷಧಿ ಸ್ವಲ್ಪವೇ. ಭೂಮಿಯ ವೈದ್ಯರು ಪ್ರಮಾಣ ಲೆಕ್ಕ ಹಾಕಿ, ಸರಕು ನೌಕೆಯಲ್ಲಿ ಮಾತ್ರೆ ಬರುವವರೆಗೆ ಅದನ್ನೇ ಸಾಗಿಸಿದರು. ಗಗನಯಾತ್ರಿ ಕ್ಷೇಮವಾಗಿ ಮರಳಿದರು. ಅಲ್ಲಿ ಶೀಶೆಯಿಂದ ಔಷಧಿಯನ್ನು ಸಿರಿಂಜಿಗೆ ಎಳೆಯುವುದೂ ಸುಲಭವಲ್ಲ, ದ್ರವ ತಳದಲ್ಲಿ ನಿಲ್ಲುವುದಿಲ್ಲವಲ್ಲ!

ಮಂಗಳದ ದಾರಿಯಲ್ಲಿ ಹೀಗಾದರೆ ಸರಕು ನೌಕೆ ಬರುವುದಿಲ್ಲ. ಹೋಗಲು ಆರರಿಂದ ಒಂಬತ್ತು ತಿಂಗಳು. ಎರಡೂ ಗ್ರಹಗಳು ಮತ್ತೆ ಅನುಕೂಲವಾದ ಜಾಗಕ್ಕೆ ಬರುವವರೆಗೆ ಅಲ್ಲೇ ಕಾಯಬೇಕು. ಹೋಗಿಬರುವುದೆಂದರೆ ಎರಡೂವರೆ ಮೂರು ವರ್ಷದ ಮಾತು. ನಮ್ಮ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿದಾಗ ಅದರ ಸಂದೇಶ ಬೆಂಗಳೂರಿನ ಪೀಣ್ಯದ ಕೇಂದ್ರಕ್ಕೆ ಬರಲು ಸುಮಾರು 12 ನಿಮಿಷ ಬೇಕಾಗಿತ್ತು. ಆದ್ದರಿಂದ ಆಜ್ಞೆಗಳನ್ನೆಲ್ಲ ಮೊದಲೇ ತುಂಬಿಟ್ಟು ವಿಜ್ಞಾನಿಗಳು ಕಾದು ಕುಳಿತಿದ್ದರು. ಮಂಗಳ ಇನ್ನೂ ದೂರವಿದ್ದಾಗ ಇದು 22 ನಿಮಿಷದವರೆಗೆ ಹೋಗುತ್ತದೆ. “ಡಾಕ್ಟರೇ, ಎದೆ ನೋಯುತ್ತಿದೆ” ಎಂದರೆ ಉತ್ತರ ಬರಲು ಮುಕ್ಕಾಲು ಗಂಟೆ.

ವಿಕಿರಣದ ಸಂಗತಿ ಇನ್ನೂ ಗಂಭೀರ. 2011–12ರಲ್ಲಿ ಮಂಗಳಕ್ಕೆ ಹೋದ ಕ್ಯೂರಿಯಾಸಿಟಿ ದಾರಿಯುದ್ದಕ್ಕೂ ಅದನ್ನು ಅಳೆಯಿತು. ಬೇಗ ಹೋಗಿ ಬೇಗ ಬಂದರೂ ಪ್ರಯಾಣದಲ್ಲಿಯೇ ಸುಮಾರು 660 ಮಿಲಿಸೀವರ್ಟ್. ನಮ್ಮ ದೇಶದಲ್ಲಿ ವಿಕಿರಣದ ನಡುವೆ ದುಡಿಯುವ ನೌಕರನಿಗೆ ವರ್ಷಕ್ಕೆ ಸರಾಸರಿ 20ರ ಮಿತಿ ಇದೆ. ಭಾಗಿಸಿ ನೋಡಿ: 33 ವರ್ಷದ ಪಾಲು. ಇಷ್ಟೆಲ್ಲ ದಾಟಿ ಇಳಿದರೆ ಅಲ್ಲಿನ ಗಾಳಿಯ ಒತ್ತಡ ನಮ್ಮದರ ಶೇಕಡಾ ಒಂದಕ್ಕೂ ಕಡಿಮೆ, ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ವಿಷದ ಲವಣ.

ಇಷ್ಟು ಕೇಳಿದ ಮೇಲೆ “ಹಾಗಾದರೆ ಯಾರೂ ಹೋಗಬಾರದೇ?” ಎಂದು ಕೇಳಬಹುದು. ಹೋಗಬೇಕು. ಆದರೆ ಹೋಗುವವರು ಪೈಲಟ್‌ಗಳು ಮಾತ್ರ ಎಂದು ತಿಳಿಯಬೇಡಿ. ನಾನು ಹೇಳಿದ ತೊಂದರೆಗಳನ್ನು ಮತ್ತೊಮ್ಮೆ ನೋಡಿ: ಮೂಳೆ, ರಕ್ತ, ಮಣ್ಣಿನ ಸೂಕ್ಷ್ಮಜೀವಿ, ಸಿಮೆಂಟು, ನೀರಿನ ಶುದ್ಧೀಕರಣ, ನಿದ್ರೆ. ನರ್ಸಿಂಗ್ ಓದುವ ಹುಡುಗಿಗೂ ಕೃಷಿ ಓದುವ ಹುಡುಗನಿಗೂ ಅಲ್ಲಿ ಕೆಲಸವಿದೆ.

ದೂರ ಹೋಗುವುದು ಬೇಡ, ನಮ್ಮ ಧಾರವಾಡದ ಮಾತೇ ಹೇಳುತ್ತೇನೆ. 2025ರ ಜೂನ್ 25ರಂದು ನಮ್ಮ ವಾಯುಪಡೆಯ ಶುಭಾಂಶು ಶುಕ್ಲಾ ಹೊರಟು ಮರುದಿನ ನಿಲ್ದಾಣ ಸೇರಿದರಲ್ಲ, ಅವರ ಜೊತೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ರೂಪಿಸಿದ ಪ್ರಯೋಗವೊಂದು ಹೋಗಿತ್ತು. ಹೆಸರುಕಾಳು ಮತ್ತು ಮೆಂತ್ಯ. ನಮ್ಮ ತಾಯಂದಿರು ರಾತ್ರಿ ನೆನೆಹಾಕಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸುವ ಅದೇ ಕಾಳು. ಬೇರು ಕೆಳಗೆ, ಚಿಗುರು ಮೇಲೆ ಎಂದು ಕಾಳಿಗೆ ಹೇಳಿಕೊಡುವುದು ಗುರುತ್ವ. ಅದು ಗೊತ್ತಾಗದ ಕಡೆ ಮೊಳಕೆ ಹೇಗೆ ಬರುತ್ತದೆ, ತಿನ್ನಲು ಯೋಗ್ಯವೇ ಎಂಬುದು ಪ್ರಶ್ನೆ. ಶುಕ್ಲಾ ನೀರು ಹಾಕಿದರು, ಮೊಳಕೆ ಬಂತು, ಫೋಟೋ ತೆಗೆದರು, ಮೊಳಕೆಗಳನ್ನು ನಿಲ್ದಾಣದ ಶೀತಲಪೆಟ್ಟಿಗೆಯಲ್ಲಿ ಇಟ್ಟರು. ಜುಲೈ 15ರಂದು ಅವರು ಕ್ಯಾಲಿಫೋರ್ನಿಯಾದ ಕಡಲಿಗೆ ಇಳಿದರು.

ನಿಮ್ಮಲ್ಲಿ ಕೃಷಿ ವಿಜ್ಞಾನಕ್ಕೆ ಅರ್ಜಿ ಹಾಕಬೇಕೆಂದಿರುವವರು ಎಷ್ಟು ಮಂದಿ? ಕೈ ಎತ್ತಿ ನೋಡೋಣ. ಊಟಕ್ಕೆ ಮುಂಚೆ ನಿಮ್ಮೊಡನೆ ಸ್ವಲ್ಪ ಮಾತನಾಡಬೇಕು.